ಸ್ಲ್ಯಾಬ್ ಮೊದಲೋ ಬಾಲ್ಕನಿ ಮೊದಲೋ? ಹಳೆ ಕಟ್ಟಡ ಕೆಡವುವ ಬಗ್ಗೆ ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದೀಪಾವಳಿ ಕಳೆದು ನೆಲ ಗಟ್ಟಿಯಾಗುತ್ತಿದ್ದಂತೆ ನಮ್ಮ ಕರಾವಳಿಯಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವ ಓಡಾಟ ಶುರುವಾಗುತ್ತದೆ. ಈ ಸಲ ಆಯ್ದ ಪತ್ರಗಳೆಲ್ಲ ಅದರ ಕುರಿತೇ. ಕಟ್ಟಡದ ಪ್ರಶ್ನೆಗಳಿಗೆ ಸ್ಟ್ರಕ್ಚರಲ್ ಎಂಜಿನಿಯರರೂ ಯಂತ್ರದ ಪ್ರಶ್ನೆಗಳಿಗೆ ಇಟಾಚಿ (ತೋಳು, ಬಕೆಟ್ ಇರುವ ಅಗೆಯುವ ಯಂತ್ರ), ಬ್ರೇಕರ್ (ಅದರ ತೋಳಿಗೆ ಜೋಡಿಸುವ, ಕಾಂಕ್ರೀಟ್ ಒಡೆಯುವ ಸುತ್ತಿಗೆ) ರಿಪೇರಿ ಬಲ್ಲವರೂ ಉತ್ತರಿಸಿದ್ದಾರೆ.

ಪ್ರಶ್ನೆ: ಕೋಡಿಬಾಗದಲ್ಲಿ ನಮ್ಮದು ನಲವತ್ತು ವರ್ಷ ದಾಟಿದ ಎರಡಂತಸ್ತಿನ ಆರ್‌ಸಿಸಿ ಮನೆ. ಒಂದೊಂದು ಅಂತಸ್ತು ಸಾವಿರ ಚದರಡಿ. ಸ್ಲ್ಯಾಬಿನ ಅಡಿಯಿಂದ ಗಿಲಾವು ಉದುರಿ ಕಂಬಿ ಕಾಣುತ್ತಿದೆ. ಗುತ್ತಿಗೆದಾರರು ಇಟಾಚಿ ತಂದು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಅನ್ನುತ್ತಿದ್ದಾರೆ. ನಂಬಬಹುದೇ? ಯಾವುದನ್ನು ಮೊದಲು ಒಡೆಯಬೇಕು?
— ಓದುಗರು, ಕಾರವಾರ

ಉತ್ತರ: ಒಂದು ದಿನದಲ್ಲಿ ಬೀಳಿಸಬಹುದು, ಕ್ರಮವಾಗಿ ಇಳಿಸಲು ಆಗುವುದಿಲ್ಲ. ಒಂದೇ ದಿನ ಅಂದರೆ ಕೆಳಗಿನ ಕಾಲಂಗಳನ್ನು ಹೊಡೆದು ಇಡೀ ಮನೆಯನ್ನು ಕುಳ್ಳಿರಿಸುವ ಯೋಚನೆ ಇರುತ್ತದೆ. ಹಾಗೆ ಮಾಡಿದರೆ ಮನೆ ಯಾವ ದಿಕ್ಕಿಗೆ ವಾಲುತ್ತದೆ ಎಂದು ಮೊದಲೇ ಹೇಳಲು ಯಾರಿಂದಲೂ ಆಗದು. ನಿಮ್ಮ ಅಳತೆಯ ಮನೆಗೆ ಯಂತ್ರದ ಕೆಲಸವೇ ಮೂರು ನಾಲ್ಕು ದಿನ ಹಿಡಿಯುತ್ತದೆ, ಸಾಗಾಟ ಬೇರೆ.

ಮೊದಲು ಕಂಬಿಯ ವಿಚಾರ. ಉಪ್ಪುಗಾಳಿಯಿಂದಲೋ, ಕಟ್ಟುವಾಗ ಸೇರಿದ ಉಪ್ಪಿನ ಮರಳಿನಿಂದಲೋ ಕಾಂಕ್ರೀಟಿನ ಒಳಗೆ ಕ್ಲೋರೈಡ್ (ಉಪ್ಪಿನ ಅಂಶ) ಇಳಿದು ಕಂಬಿಗೆ ತುಕ್ಕು ಹಿಡಿಸಿರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಕಂಬಿಯ ಹೊರಗಿನ ಕಾಂಕ್ರೀಟ್ ಹೊದಿಕೆಯನ್ನು (ಕವರ್) ಒಳಗಿನಿಂದಲೇ ಒತ್ತಿ ಉದುರಿಸುತ್ತದೆ. ಪ್ರತಿ ಕೋಣೆಯಲ್ಲೂ ಒಂದು ಕಡೆ ಕವರ್ ಕೆತ್ತಿಸಿ, ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕಂಬಿಯನ್ನು ಕ್ಯಾಲಿಪರ್‌ನಲ್ಲಿ ಅಳೆಸಿ. 10 ಮಿಲಿಮೀಟರ್ ಕಂಬಿ 7ಕ್ಕೆ ಇಳಿದಿದ್ದರೆ ಮೂರು ಮಿಲಿಮೀಟರ್ ತಾನೇ ಅನ್ನಬೇಡಿ. ಬಲ ಇರುವುದು ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. ನೂರರಲ್ಲಿ 49 ಪಾಲು ಮಾತ್ರ ಉಳಿದಿದೆ, ಅಂದರೆ ಅರ್ಧ ಬಲ ಹೋಗಿದೆ.

ಒಡೆಯುವವರಿಗೆ ಇದು ಯಾಕೆ ಮುಖ್ಯ? ಗಟ್ಟಿ ಸ್ಲ್ಯಾಬ್ ಒಡೆದಾಗ ಕಾಂಕ್ರೀಟ್ ಪುಡಿಯಾದರೂ ಕಂಬಿಯ ಬಲೆ ತುಂಡುಗಳನ್ನು ಜೋಲಿಯಂತೆ ಹಿಡಿದಿರುತ್ತದೆ. ಒಳನಾಡಿನಲ್ಲಿ ಕೆಲಸ ಕಲಿತ ಆಪರೇಟರುಗಳು ಆ ಜೋಲಿಯನ್ನು ನಂಬಿಕೊಂಡೇ ಕೆಲಸ ಮಾಡುತ್ತಾರೆ. ತುಕ್ಕು ತಿಂದ ಸ್ಲ್ಯಾಬಿನಲ್ಲಿ ಜೋಲಿ ಇರುವುದಿಲ್ಲ. ಮೊದಲ ನಾಲ್ಕು ಏಟಿಗೆ ಇಡೀ ಕೋಣೆಯ ಸ್ಲ್ಯಾಬ್ ಕಳಚಿ ಕೆಳಗೆ ಕೂರಬಹುದು. ಆದ್ದರಿಂದ ಇಂಥ ಸ್ಲ್ಯಾಬಿನ ಮೇಲೆ ಆಳು ನಿಂತು ಕೈ ಬ್ರೇಕರ್ ಹಿಡಿಯುವುದೂ ಬೇಡ, ಕೆಳಗೆ ಯಾರೂ ಕಾಲಿಡುವುದೂ ಬೇಡ.

ಎರಡನೆಯದು ಬಾಲ್ಕನಿ. ಬಾಲ್ಕನಿಯ ಮುಖ್ಯ ಕಂಬಿ ಸ್ಲ್ಯಾಬಿನ ಮೇಲ್ಭಾಗದಲ್ಲಿ ಇರುತ್ತದೆ. ಮಳೆನೀರು ನಿಲ್ಲುವುದೂ ಅಲ್ಲೇ. ಅಡಿಯಿಂದ ಚೆನ್ನಾಗಿ ಕಂಡ ಬಾಲ್ಕನಿಯ ಮೇಲಿನ ಕಂಬಿ ಗೋಡೆಯ ಸಂದಿಯಲ್ಲಿ ಪೂರ್ತಿ ತುಂಡಾಗಿರುವುದುಂಟು. ಅದಲ್ಲದೆ ಬಾಲ್ಕನಿಯನ್ನು ಹಿಡಿದಿರುವುದು ಅದರ ಹಿಂದಿನ ಕೋಣೆಯ ಸ್ಲ್ಯಾಬಿನ ಭಾರ. ಕೋಣೆಯ ಸ್ಲ್ಯಾಬ್ ಮೊದಲು ಒಡೆದರೆ ಬಾಲ್ಕನಿ ತಾನಾಗಿಯೇ ಹೊರಕ್ಕೆ ಮಗುಚುತ್ತದೆ. ಕಿಟಕಿಯ ಛಜ್ಜಾ (ಮಳೆ ತಡೆಯಲು ಹೊರಚಾಚಿದ ಹಲಗೆ) ಕೂಡ ಹಾಗೆಯೇ. ಲಿಂಟಲಿನ (ಕಿಟಕಿಯ ಮೇಲಿನ ಅಡ್ಡತೊಲೆ) ಮೇಲೆ ಕೂತ ಗೋಡೆಯ ಭಾರವೇ ಅದನ್ನು ಅಡ್ಡಕ್ಕೆ ನಿಲ್ಲಿಸಿದೆ; ಮೇಲಿನ ಎರಡು ವರಸೆ ಕಲ್ಲು ತೆಗೆದರೆ ಸಾಕು, ಛಜ್ಜಾ ತಿರುಗಿ ಬೀಳುತ್ತದೆ.

ಹೀಗಾಗಿ ಕ್ರಮ ಇದು. ಬಾಗಿಲು, ಕಿಟಕಿ, ಗಾಜು ಮೊದಲು. ಮೇಲಿನ ನೀರಿನ ಟ್ಯಾಂಕ್ ಬರಿದು ಮಾಡಿ ಇಳಿಸಿ; ಸಾವಿರ ಲೀಟರ್ ಅಂದರೆ ಒಂದು ಟನ್. ಆಮೇಲೆ ಪ್ಯಾರಾಪೆಟ್ ಗೋಡೆ, ಒಳಮುಖವಾಗಿ. ಅದರ ಹಿಂದೆಯೇ ಬಾಲ್ಕನಿ, ಛಜ್ಜಾ. ಬಳಿಕ ಮೇಲಿನ ಸ್ಲ್ಯಾಬ್, ಆ ಅಂತಸ್ತಿನ ಗೋಡೆ, ಬೀಮ್, ಕೊನೆಗೆ ಕಾಲಂ. ಒಂದು ಅಂತಸ್ತು ಪೂರ್ತಿ ಮುಗಿಸಿಯೇ ಕೆಳಗಿನದಕ್ಕೆ ಕೈ ಹಾಕಬೇಕು. ಭಾರತೀಯ ಮಾನಕ ಐಎಸ್ 4130 ಹೇಳುವುದೂ ಇದನ್ನೇ: ಕಟ್ಟಿದ್ದರ ತಿರುಗುಮುರುಗಿನ ಕ್ರಮ.

ಒಡೆದದ್ದನ್ನು ಮಧ್ಯದ ಸ್ಲ್ಯಾಬಿನ ಮೇಲೆ ರಾಶಿ ಬಿಡುವುದು ಇಲ್ಲಿಯ ದೊಡ್ಡ ತಪ್ಪು. ವಾಸದ ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕಿಲೊ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಡೆದ ಕಾಂಕ್ರೀಟ್ ಒಂದಡಿ ಎತ್ತರ ಹರಡಿದರೆ ಚದರ ಮೀಟರಿಗೆ 450 ಕಿಲೊ ಆಗುತ್ತದೆ. ಹೊಸ ಸ್ಲ್ಯಾಬಿಗೂ ಅದು ಜಾಸ್ತಿ, ನಿಮ್ಮದಂತೂ ಅರ್ಧ ಕಂಬಿಯ ಸ್ಲ್ಯಾಬ್.

ಯಂತ್ರ ಕಟ್ಟಡಕ್ಕೆ ಅಂಟಿಕೊಂಡು ನಿಲ್ಲಬಾರದು. ಕಡಿಮೆ ಅಂದರೂ ಕಟ್ಟಡದ ಎತ್ತರದ ಅರ್ಧದಷ್ಟು ದೂರ ಇರಲಿ. ಜನ ಸುಳಿಯದಂತೆ ಹಗ್ಗ ಕಟ್ಟುವುದು ಎತ್ತರದ ಒಂದೂವರೆ ಪಟ್ಟು ದೂರದಲ್ಲಿ. ಕಂಬಿ ಕತ್ತರಿಸುವ ಗ್ಯಾಸ್ ಕಟರಿನವರು ಒಳಗೆ ಹೋಗುವುದು ಬಕೆಟ್ ನೆಲಕ್ಕೆ ಇಟ್ಟು ಎಂಜಿನ್ ನಿಲ್ಲಿಸಿದ ಮೇಲೆಯೇ.

ಇನ್ನು ಕೆಲಸಕ್ಕೆ ಮುಂಚಿನವು. ಕರೆಂಟನ್ನು ಮೀಟರಿನಲ್ಲಿ ಬಂದ್ ಮಾಡಿದರೆ ಸಾಲದು. ಹೆಸ್ಕಾಂಗೆ ಅರ್ಜಿ ಕೊಟ್ಟು ಕಂಬದಲ್ಲೇ ಸರ್ವಿಸ್ ವಯರ್ ತೆಗೆಸಿ. ಇನ್ವರ್ಟರ್, ಸೋಲಾರ್ ಇದ್ದರೆ ಅದನ್ನೂ ಕಳಚಿ. ರಸ್ತೆಯ ತಂತಿಗೂ ಇಟಾಚಿಯ ತೋಳಿಗೂ ಯಾವಾಗಲೂ 3 ಮೀಟರಿಗಿಂತ ಹೆಚ್ಚು ಅಂತರ ಬೇಕು. ನಗರಸಭೆಯ ಅನುಮತಿ ಕೈಯಲ್ಲಿ ಇರಲಿ. ಹಿತ್ತಿಲಿನ ಹಳೆ ಬಾವಿ, ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಎಲ್ಲಿವೆ ಎಂದು ಮನೆಯ ಹಿರಿಯರನ್ನು ಕೇಳಿ ಸುಣ್ಣದಲ್ಲಿ ಗುರುತು ಹಾಕಿಸಿ. ಇಪ್ಪತ್ತು ಟನ್ನಿನ ಯಂತ್ರ ಮೂರಿಂಚಿನ ಚಪ್ಪಡಿಯ ಮೇಲೆ ಹತ್ತಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಬಳಸದ ಟ್ಯಾಂಕನ್ನು ಖಾಲಿ ಮಾಡಿಸಿ ಮರಳು ತುಂಬಿ. ಬಾವಿ ಉಳಿಸಿಕೊಳ್ಳುವುದಾದರೆ ಅದರ ಆಳದಷ್ಟಾದರೂ ದೂರದಲ್ಲಿ ಯಂತ್ರ ಓಡಲಿ.

ಪ್ರಶ್ನೆ: ಅಜ್ಜನ ಕಾಲದ ಚಿರೇಕಲ್ಲಿನ ಮನೆ, ಮಂಗಳೂರು ಹಂಚು, ಮೇಲೆ ಮೆತ್ತು (ಅಟ್ಟ) ಇದೆ. ಜೆಸಿಬಿಯಲ್ಲಿ ದೂಡಿಸಿಬಿಡೋಣ ಎಂದು ತಮ್ಮ ಹೇಳುತ್ತಾನೆ. ಮರ, ಕಲ್ಲು ಉಳಿಯುವುದೇ?
— ಓದುಗರು, ಶಿರಸಿ

ಉತ್ತರ: ದೂಡಿಸಿದರೆ ಉಳಿಯುವುದಿಲ್ಲ. ಮಾಡು (ಹಂಚಿನ ಚಾವಣಿ) ಇಳಿಸುವುದು ಕೈಕೆಲಸ, ಯಂತ್ರ ಬರುವುದು ಗೋಡೆಗೆ.

ಹಂಚನ್ನು ನೆತ್ತಿಯಿಂದ ಶುರುಮಾಡಿ ಎರಡೂ ಇಳಿಜಾರಿನಲ್ಲಿ ಸಮಸಮ ತೆಗೆಯುತ್ತ ಬನ್ನಿ. ಒಂದು ಹಂಚು ಸುಮಾರು ಎರಡೂವರೆ ಕಿಲೊ. ಒಂದು ಬದಿ ಪೂರ್ತಿ ಬರಿದಾದರೆ ಇನ್ನೊಂದು ಬದಿಯಲ್ಲಿ ಟನ್ನುಗಟ್ಟಲೆ ಭಾರ ಉಳಿದು ಪಕಾಸಿಗಳು (ಮಾಡಿನ ಇಳಿಜಾರು ಮರಗಳು) ವಾರೆಯಾಗುತ್ತವೆ. ಹಂಚಾದ ಮೇಲೆ ರೀಪು (ಹಂಚು ಕೂರುವ ಪಟ್ಟಿ), ಆಮೇಲೆ ಪಕಾಸಿ. ಮೆತ್ತಿನ ತೊಲೆಗಳನ್ನು ಮಾತ್ರ ಅವಸರದಲ್ಲಿ ಎಳೆಯಬೇಡಿ. ಎದುರುಬದುರು ಗೋಡೆಗಳನ್ನು ಒಂದಕ್ಕೊಂದು ಹಿಡಿದಿರುವುದು ಅವೇ. ಮಣ್ಣಿನ ಗಾರೆಯ ಗೋಡೆ ಮಾಡು ಹೋದ ಮೇಲೆ ಒಂಟಿ. ಒಂದು ಅಕಾಲದ ಮಳೆ ಬಂದು ಗಾರೆ ನೆನೆದರೆ ರಾತ್ರಿ ಯಾರೂ ಮುಟ್ಟದೆ ಬೀಳುತ್ತದೆ. ಮಾಡು ಬಿಚ್ಚಿದ ಮೇಲೆ ಗೋಡೆಯನ್ನು ವಾರಗಟ್ಟಲೆ ನಿಲ್ಲಿಸಿಡಬೇಡಿ.

ಗಾರೆ ಮಣ್ಣಿನದಾದರೆ ಕಲ್ಲು ಕಲ್ಲಾಗಿಯೇ ಕೈಗೆ ಬರುತ್ತದೆ. ಗೌಂಡಿಗಳು ಹಾರೆ ಹಾಕಿ ಮೇಲಿನ ವರಸೆಯಿಂದ ಬಿಚ್ಚಲಿ. ಸಿಮೆಂಟ್ ಗಾರೆಯಾದರೆ ಆ ಆಸೆ ಬಿಡಿ, ಗಾರೆ ಬಿಡುವ ಮೊದಲು ಕಲ್ಲೇ ಒಡೆಯುತ್ತದೆ. ಕಲ್ಲು ಬೇಡ, ದೂಡುವುದೇ ಸರಿ ಅನಿಸಿದ ಗೋಡೆಗೆ ಇಟಾಚಿಯ ಬಕೆಟನ್ನು ಗೋಡೆಯ ನೆತ್ತಿಯಿಂದ ಎರಡಡಿಯೊಳಗೆ ತಾಗಿಸಿ ಒಳಮುಖವಾಗಿ ಒತ್ತಬೇಕು. ನಡುವಿಗೆ ಒತ್ತಿದರೆ ಗೋಡೆ ಅಲ್ಲಿ ಮುರಿದು ಮೇಲಿನ ಅರ್ಧ ಯಂತ್ರದ ಕಡೆಗೇ ಬರುತ್ತದೆ. ಜೆಸಿಬಿಯ ಮುಂದಿನ ಲೋಡರ್ ಬಕೆಟಿನಿಂದ ದೂಡುವುದಂತೂ ಕೂಡದು. ಡ್ರೈವರ್ ಗೋಡೆಯ ನೆರಳಿನಲ್ಲೇ ಕೂತಂತಾಗುತ್ತದೆ.

ಸಾಗವಾನಿ, ಮತ್ತಿ, ನಂದಿ ತೊಲೆಗಳಿಗೆ ಒಳ್ಳೆಯ ಬೆಲೆಯಿದೆ. ಹಗ್ಗ ಕಟ್ಟಿ ಎರಡೂ ತುದಿ ಒಟ್ಟಿಗೆ ಇಳಿಸಿ, ಮೊಳೆ ಕಿತ್ತು, ನೆಲಕ್ಕೆ ತಾಗದಂತೆ ಅಡ್ಡಪಟ್ಟಿಯ ಮೇಲೆ ಜೋಡಿಸಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆ ಮರವಾದರೂ ಲಾರಿಗೆ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕಾಗದ ಏನು ಬೇಕೆಂದು ಕೇಳಿಕೊಳ್ಳುವುದು ಜಾಣತನ.

ಪ್ರಶ್ನೆ: 20 ಟನ್ ಇಟಾಚಿಗೆ ಬ್ರೇಕರ್ ಹಾಕಿಸಿದ್ದೇನೆ. ಬೆಳಿಗ್ಗೆ ಚೆನ್ನಾಗಿ ಹೊಡೆಯುತ್ತದೆ, ಮಧ್ಯಾಹ್ನದ ಮೇಲೆ ಏಟು ಸೋಲುತ್ತದೆ. ಒಂದು ತಿಂಗಳಲ್ಲಿ ಎರಡು ಚಿಸೆಲ್ (ಬ್ರೇಕರಿನ ತುದಿಯ ಉಕ್ಕಿನ ಉಳಿ) ಮುರಿದವು. ಚಿಸೆಲ್ ಕಳಪೆಯೇ?
— ಯಂತ್ರದ ಮಾಲೀಕರು, ಅಂಕೋಲಾ

ಉತ್ತರ: ಮುರಿದ ತುಂಡನ್ನು ಎಸೆದಿಲ್ಲವಾದರೆ ಅದರ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಅಂಚಿನಿಂದ ಹೊರಟ ಅರ್ಧಚಂದ್ರದ ಗೆರೆಗಳು ಒಂದರ ಹಿಂದೊಂದು ಕಾಣುತ್ತವೆಯೇ? ಚಿಪ್ಪಿನ ಮೇಲಿನ ಗೆರೆಗಳಂತೆ? ಹಾಗಿದ್ದರೆ ಬಗ್ಗಿಸಿ ಬಗ್ಗಿಸಿ ದಣಿದು ಮುರಿದಿದೆ. ಆಪರೇಟರ್ ಚಿಸೆಲನ್ನು ಹಾರೆಯಂತೆ ಸಂದಿಗೆ ತೂರಿಸಿ ಮೀಟುತ್ತಿದ್ದಾರೆ, ಇಲ್ಲವೇ ಕೆಳಗಿನ ಬುಷ್ (ಚಿಸೆಲನ್ನು ನೇರವಾಗಿ ಹಿಡಿಯುವ ಬಳೆ) ಸವೆದು ಚಿಸೆಲ್ ವಾಲುತ್ತಿದೆ. ಬುಷ್ ಮತ್ತು ಚಿಸೆಲ್ ನಡುವಿನ ಸಂದನ್ನು ಅಳೆದು, ಬ್ರೇಕರಿನ ಪುಸ್ತಕದಲ್ಲಿ ಕೊಟ್ಟ ಮಿತಿ ದಾಟಿದ್ದರೆ ಮೊದಲು ಬುಷ್ ಬದಲಿಸಿ. ಸವೆದ ಬುಷ್‌ನಲ್ಲಿ ಹೊಸ ಚಿಸೆಲ್ ಹಾಕುವುದು ದುಡ್ಡು ಸುರಿದಂತೆ. ತುದಿ ನೀಲಿಗಟ್ಟಿ ಅಣಬೆಯಂತೆ ಅರಳಿದ್ದರೆ ಕಾರಣ ಬೇರೆ: ಒಂದೇ ಜಾಗದಲ್ಲಿ ಬಹಳ ಹೊತ್ತು ಹೊಡೆದಿದ್ದಾರೆ. 15ರಿಂದ 30 ಸೆಕೆಂಡಿನಲ್ಲಿ ಒಡೆಯದಿದ್ದರೆ ಜಾಗ ಬದಲಿಸಬೇಕು, ಅಂಚಿನಿಂದ ಒಳಕ್ಕೆ ಬರಬೇಕು. ಕಾದ ಚಿಸೆಲಿಗೆ ನೀರು ಹಾಕಿ ತಣಿಸಿದರೆ ಕೂದಲೆಳೆಯ ಬಿರುಕು ಬಿಟ್ಟು ಮರುದಿನ ಮುರಿಯುತ್ತದೆ.

ಮನೆ ಒಡೆಯುವ ಕೆಲಸದಲ್ಲಿ ಇನ್ನೊಂದು ತೊಂದರೆ ಇದೆ. ಐದಿಂಚಿನ ಸ್ಲ್ಯಾಬ್ ಒಂದೆರಡು ಏಟಿಗೆ ತೂತಾಗುತ್ತದೆ. ಆಪರೇಟರ್ ಪೆಡಲಿನಿಂದ ಕಾಲು ತೆಗೆಯುವಷ್ಟರಲ್ಲಿ ಚಿಸೆಲ್ ಗಾಳಿಯಲ್ಲಿ ಹತ್ತು ಏಟು ಹೊಡೆದಿರುತ್ತದೆ. ಈ ಖಾಲಿ ಹೊಡೆತದ ಏಟನ್ನೆಲ್ಲ ತಿನ್ನುವುದು ಚಿಸೆಲ್ ಹಿಡಿದಿರುವ ಪಿನ್ನು ಮತ್ತು ನಾಲ್ಕು ಉದ್ದ ಬೋಲ್ಟುಗಳು. ಬ್ರೇಕರನ್ನು ಬೀಮ್, ಕಾಲಂ, ಫುಟಿಂಗಿಗೆ ಇಟ್ಟುಕೊಳ್ಳಿ. ತೆಳು ಸ್ಲ್ಯಾಬಿಗೆ ಬಕೆಟ್ ಸಾಕು, ಕಾಂಕ್ರೀಟ್ ಕಚ್ಚುವ ಕ್ರಷರ್ ಬಾಡಿಗೆಗೆ ಸಿಕ್ಕರೆ ಇನ್ನೂ ಉತ್ತಮ.

ಮಧ್ಯಾಹ್ನದ ಸೋಲಿಗೆ ಮೊದಲ ಅನುಮಾನ ಆಯಿಲ್ ಬಿಸಿಯ ಮೇಲೆ. ಹೈಡ್ರಾಲಿಕ್ ಆಯಿಲ್ 80 ಡಿಗ್ರಿ ದಾಟಿದರೆ ತೆಳುವಾಗಿ ಒಳಗೊಳಗೇ ಸೋರುತ್ತದೆ. ಕೂಲರಿನ ರೆಕ್ಕೆಗಳ ನಡುವೆ ಕಾಂಕ್ರೀಟ್ ಧೂಳು ಕಡಲ ತೇವದೊಂದಿಗೆ ಸೇರಿ ಗಾರೆಯಂತೆ ಕಟ್ಟಿರುತ್ತದೆ. ದಿನಾ ಸಂಜೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ. ಆಯಿಲ್ ತಣ್ಣಗಿದ್ದಾಗಲೂ ಏಟು ಸಡಿಲವಾಗಿದ್ದರೆ ಬ್ರೇಕರಿನ ಹಿಂತುದಿಯ ಕೋಣೆಯಲ್ಲಿರುವ ನೈಟ್ರೋಜನ್ ಒತ್ತಡ ನೋಡಿಸಿ. ಅಲ್ಲಿಗೆ ನೈಟ್ರೋಜನ್ ಬಿಟ್ಟು ಬೇರೇನೂ ಹಾಕಕೂಡದು. ಆಕ್ಸಿಜನ್ ಸಿಲಿಂಡರ್ ಜೋಡಿಸಿದರೆ ಆಯಿಲ್ ಜತೆ ಸೇರಿ ಸ್ಫೋಟವಾಗುತ್ತದೆ. ಬ್ರೇಕರ್ ಕೆಲಸವೇ ಹೆಚ್ಚಾದರೆ ಆಯಿಲ್, ಫಿಲ್ಟರ್ ಬದಲಿಸುವ ಗಂಟೆಗಳೂ ಬಹಳ ಕಡಿಮೆಯಾಗುತ್ತವೆ. ಯಂತ್ರದ ಪುಸ್ತಕದಲ್ಲಿ ಅದಕ್ಕೆ ಪ್ರತ್ಯೇಕ ಪಟ್ಟಿ ಇರುತ್ತದೆ.

ಗ್ರೀಸ್ ಎರಡು ಗಂಟೆಗೊಮ್ಮೆ, ಚಿಸೆಲ್ ಪೇಸ್ಟ್ ಅಂತಲೇ ಸಿಗುವುದು. ಹಾಕುವಾಗ ಬ್ರೇಕರನ್ನು ನೆಟ್ಟಗೆ ನಿಲ್ಲಿಸಿ, ಚಿಸೆಲ್ ಪೂರ್ತಿ ಒಳಗೆ ಹೋಗುವಂತೆ ನೆಲಕ್ಕೆ ಒತ್ತಿ ಹಿಡಿದು, ಎಂಜಿನ್ ನಿಲ್ಲಿಸಿ ಆಮೇಲೆ ಗನ್ ಜೋಡಿಸಿ. ಚಿಸೆಲ್ ಜೋತಾಡುತ್ತಿರುವಾಗ ಹಾಕಿದ ಗ್ರೀಸ್ ಪಿಸ್ಟನ್ನಿಗೂ ಚಿಸೆಲಿಗೂ ನಡುವೆ ತುಂಬಿಕೊಂಡು, ಮುಂದಿನ ಏಟಿಗೆ ಸೀಲ್ ಹರಿಯುತ್ತದೆ. ಜೆಟ್ಟಿ ಕೆಲಸಕ್ಕೆ ಕರೆದರೆ ಸಾದಾ ಬ್ರೇಕರನ್ನು ನೀರಿಗೆ ಇಳಿಸಬೇಡಿ. ಒಳಗೆ ಗಾಳಿ ಒತ್ತುವ ಏರ್ಪಾಡು ಇರದಿದ್ದರೆ ಪಿಸ್ಟನ್ ನೀರಿಗೆ ಬಡಿದು ಕೆಡುತ್ತದೆ.

ಪ್ರಶ್ನೆ: 2024ರ ಶಿರೂರು ಗುಡ್ಡಕುಸಿತದ ವೇಳೆ ಗಂಗಾವಳಿ ದಡದಲ್ಲಿ ಉದ್ದ ತೋಳಿನ ಇಟಾಚಿ ನೋಡಿದ್ದೆ. ಅಂಥದ್ದರಿಂದ ಮೂರು ನಾಲ್ಕು ಅಂತಸ್ತಿನ ಕಟ್ಟಡ ಒಡೆಯಬಹುದಲ್ಲ?
— ಓದುಗರು, ಗೋಕರ್ಣ

ಉತ್ತರ: ಬೇಡ. ಅದು ಹೂಳು ಎತ್ತುವ ತೋಳು. 15 ಮೀಟರಿಗೂ ಉದ್ದ ಚಾಚಬೇಕೆಂದು ತೋಳನ್ನು ಹಗುರ ಮಾಡಿರುತ್ತಾರೆ, ಬಕೆಟ್ ಸಾಮಾನ್ಯ ಯಂತ್ರದ್ದರ ಅರ್ಧದಷ್ಟೇ. ತುದಿಗೆ ಒಂದೂವರೆ ಟನ್ನಿನ ಬ್ರೇಕರ್ ಕಟ್ಟಿದರೆ ಯಂತ್ರ ಮುಗ್ಗರಿಸುತ್ತದೆ, ಮುಗ್ಗರಿಸದಿದ್ದರೂ ಏಟಿನ ಅದುರಿಗೆ ಬೆಸುಗೆ ಬಿರಿಯುತ್ತದೆ. ಕಟ್ಟಡ ಒಡೆಯಲೆಂದೇ ಬರುವ ಎತ್ತರ ತೋಳಿನ ಯಂತ್ರ ಬೇರೆ. ಅದರ ಕ್ಯಾಬಿನ್ ಹಿಂದಕ್ಕೆ ವಾಲುತ್ತದೆ, ಮೇಲೆ ಕಬ್ಬಿಣದ ಜಾಲರಿ ಇರುತ್ತದೆ, ತುದಿಯಲ್ಲಿ ಕಚ್ಚುವ ಕ್ರಷರ್ ಮತ್ತು ನೀರಿನ ಕಾರಂಜಿ ಇರುತ್ತವೆ. ಸಾಮಾನ್ಯ 20 ಟನ್ ಇಟಾಚಿ ನೆಲದ ಮೇಲೆ ನಿಂತು ಭದ್ರವಾಗಿ ಮಾಡುವ ಕೆಲಸ ಏಳೆಂಟು ಮೀಟರ್ ಎತ್ತರದವರೆಗೆ. ಅದಕ್ಕಿಂತ ಮೇಲಿನದನ್ನು ಸಣ್ಣ ಯಂತ್ರ ಮತ್ತು ಕೈ ಬ್ರೇಕರಿನಿಂದ ಇಳಿಸಿಕೊಂಡು ಬನ್ನಿ. ಸಣ್ಣ ಯಂತ್ರವನ್ನು ಸ್ಲ್ಯಾಬಿಗೆ ಹತ್ತಿಸುವುದಾದರೆ ಕೆಳಗಿನ ಎರಡು ಅಂತಸ್ತಿಗಾದರೂ ಎಂಜಿನಿಯರ್ ಲೆಕ್ಕದ ಪ್ರಕಾರ ಊರುಗಂಬ ಕೊಡಿಸಿ.

ಪ್ರಶ್ನೆ: ನಮ್ಮ ಅಂಗಡಿ ಕೆಡವಬೇಕು. ಪಕ್ಕದವರ ಗೋಡೆ ನಮ್ಮ ಗೋಡೆಗೆ ತಾಗಿಯೇ ಇದೆ. ಬಿರುಕು ಬಿಟ್ಟರೆ ಯಾರು ಹೊಣೆ ಎಂದು ಈಗಲೇ ಜಗಳ.
— ಓದುಗರು, ಕುಮಟಾ

ಉತ್ತರ: ಜಗಳಕ್ಕೆ ಮದ್ದು ಫೋಟೊ. ಪಕ್ಕದವರನ್ನೂ ಜತೆಗಿಟ್ಟುಕೊಂಡು ಅವರ ಗೋಡೆಯ ಈಗಿರುವ ಪ್ರತಿ ಬಿರುಕಿನ ಪಕ್ಕ ಸ್ಕೇಲ್ ಇಟ್ಟು, ದಿನಾಂಕ ಕಾಣುವಂತೆ ತೆಗೆದು, ಇಬ್ಬರೂ ಸಹಿ ಹಾಕಿ. ದೊಡ್ಡ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟ್ ಮೆತ್ತಿ ಕೂರಿಸಿ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದರ್ಥ, ಆ ಕ್ಷಣ ಕೆಲಸ ನಿಲ್ಲಬೇಕು.

ಯಂತ್ರ ಬರುವ ಮುಂಚೆ ಗಡಿಯಿಂದ ಮೂರಡಿ ಅಗಲದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ಕೈಯಲ್ಲೇ ಬಿಡಿಸಿ, ಸ್ಲ್ಯಾಬನ್ನು ಕಟರಿನಿಂದ ಕೊಯ್ದು ಕಂಬಿ ತುಂಡರಿಸಿ. ಆ ಸಂದು ಇದ್ದರೆ ಬ್ರೇಕರಿನ ಅದುರು ಕಟ್ಟಡದ ಮೂಲಕ ದಾಟುವುದಿಲ್ಲ. ನೆಲದ ಮೂಲಕ ಹೋಗುವುದನ್ನು ತಡೆಯಲು ಬೀಮ್, ಕಾಲಂ ತುಂಡುಗಳನ್ನು ಎತ್ತರದಿಂದ ಬೀಳಿಸದೆ, ಪುಡಿಯ ಹಾಸಿಗೆಯ ಮೇಲೆ ಇಳಿಸಿ. ಪಕ್ಕದವರ ಬೀಮ್ ನಿಮ್ಮ ಗೋಡೆಯಲ್ಲಿ ಕೂತಿದೆಯೇ ಎಂದು ಗಿಲಾವು ಕೆತ್ತಿ ನೋಡಿ. ಹಳೆ ಪೇಟೆಯ ಕಟ್ಟಡಗಳಲ್ಲಿ ಕೂತಿರುವುದೇ ಹೆಚ್ಚು. ಕೂತಿದ್ದರೆ ಆ ಗೋಡೆ ಮುಟ್ಟುವಂತಿಲ್ಲ, ಮೊದಲು ಅವರ ಬದಿಯಲ್ಲಿ ಕಂಬ ಏಳಬೇಕು. ತಳಪಾಯ ಅಗೆಯುವುದನ್ನು ಒಂದೇ ಸಲಕ್ಕೆ ಉದ್ದಕ್ಕೂ ಮಾಡದೆ, ನಾಲ್ಕಡಿ ಅಗೆದು ತುಂಬಿ ಮುಂದಿನದಕ್ಕೆ ಹೋಗಿ. ಜೂನ್ ಹತ್ತಿರ ಬಂದಿದ್ದರೆ ಈ ಭಾಗಕ್ಕೆ ಕೈ ಹಾಕಲೇಬೇಡಿ.

ಪ್ರಶ್ನೆ: ಸಾವಿರ ಚದರಡಿಯ ಒಂದಂತಸ್ತಿನ ಮನೆ ಒಡೆದರೆ ಎಷ್ಟು ಲೋಡ್ ಆಗುತ್ತದೆ? ಕಡಲ ಬದಿಯ ತಗ್ಗಿಗೆ ತುಂಬಬಹುದೇ?
— ಓದುಗರು, ಹೊನ್ನಾವರ

ಉತ್ತರ: ಐದಿಂಚಿನ ಸ್ಲ್ಯಾಬ್ 29 ಟನ್. ಒಂಬತ್ತಿಂಚಿನ ಚಿರೇಕಲ್ಲಿನ ಗೋಡೆಗಳು ಕೋಣೆಗಳ ಲೆಕ್ಕದಲ್ಲಿ 65ರಿಂದ 70 ಟನ್. ಬೀಮ್, ನೆಲಹಾಸು, ಗಿಲಾವು ಸೇರಿ ತಳಪಾಯ ಬಿಟ್ಟು 110ರಿಂದ 120 ಟನ್ ಹಿಡಿಯಿರಿ. ಹತ್ತು ಚಕ್ರದ ಟಿಪ್ಪರಿಗೆ ಏಳೆಂಟು ಲೋಡ್. ಒಡೆದ ಮೇಲೆ ಗಾತ್ರ ಒಂದೂವರೆ ಪಟ್ಟು ಉಬ್ಬುತ್ತದೆ, ಆದರೂ ಟಿಪ್ಪರಿನಲ್ಲಿ ಮೊದಲು ಮುಗಿಯುವುದು ತೂಕದ ಮಿತಿಯೇ. ಡಬ್ಬಿ ತುಂಬಿಲ್ಲವೆಂದು ಮೇಲೆ ಹೇರಿಸಬೇಡಿ. ಸ್ಲ್ಯಾಬಿನ ಕಂಬಿ ಮೂಲದಲ್ಲಿ 800ರಿಂದ 1000 ಕಿಲೊ ಇರುತ್ತದೆ. ಗುಜರಿ ಲೆಕ್ಕ ಗುತ್ತಿಗೆದಾರರೊಡನೆ ಮೊದಲೇ ಮಾತಾಡಿ, ತುಕ್ಕಿನ ಕಳೆತವನ್ನೂ ಸೇರಿಸಿ.

ಕಡಲ ಬದಿಗೆ ಆಗದು. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಲ್ಲೂ 2019ರದ್ದರಲ್ಲೂ ಕಟ್ಟಡದ ಒಡಕು ಸುರಿದು ನೆಲ ತುಂಬುವುದನ್ನು ನಿಷೇಧಿಸಲಾಗಿದೆ. ಶರಾವತಿಯ ಹಿನ್ನೀರಿನ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮರ) ಬೆಳೆದ ಜಾಗ ಎಲ್ಲಕ್ಕೂ ಅದೇ ಮಾತು. ಸ್ಥಳೀಯ ಸಂಸ್ಥೆ ತೋರಿಸಿದ ಜಾಗಕ್ಕೇ ಕಳಿಸಿ. ಕಲ್ಲು, ಕಾಂಕ್ರೀಟ್ ಬೇರೆ ಮಾಡಿಕೊಂಡರೆ ಅರ್ಧಕ್ಕರ್ಧ ನಿಮ್ಮದೇ ಹೊಸ ಮನೆಯ ಪ್ಲಿಂತ್ (ನೆಲಗಟ್ಟು) ಒಳಗೆ ಹೋಗುತ್ತದೆ. ಉಪ್ಪು ತಿಂದ ಕಾಂಕ್ರೀಟಿನ ಪುಡಿಯನ್ನು ಮಾತ್ರ ಹೊಸ ಆರ್‌ಸಿಸಿಗೆ ಬೆರೆಸಬೇಡಿ.

ಪ್ರಶ್ನೆ: 2024ರ ಆಗಸ್ಟ್‌ನಲ್ಲಿ ಕುಸಿದ ಕಾಳಿ ಹಳೆ ಸೇತುವೆಯಂಥದ್ದನ್ನು ನೊಯ್ಡಾದ ಅವಳಿ ಗೋಪುರದಂತೆ ಸ್ಫೋಟಕ ಇಟ್ಟು ತೆಗೆಯಬಾರದೇ?
— ವಿದ್ಯಾರ್ಥಿ, ಸದಾಶಿವಗಡ

ಉತ್ತರ: ನೊಯ್ಡಾದಲ್ಲಿ 2022ರ ಆಗಸ್ಟ್ 28ರಂದು ಸುಮಾರು 3,700 ಕಿಲೊ ಸ್ಫೋಟಕ ಬಳಸಿದ್ದು ಕಂಬಗಳನ್ನು ಸರದಿಯಲ್ಲಿ ಮುರಿಯಲು ಮಾತ್ರ. ಗೋಪುರಗಳನ್ನು ಪುಡಿ ಮಾಡಿದ್ದು ಅವುಗಳದ್ದೇ ನೂರು ಮೀಟರ್ ಎತ್ತರದ ಭಾರ. ತಗ್ಗಿನ ಸೇತುವೆಗೆ ಆ ಎತ್ತರ ಇಲ್ಲ. ಮೇಲಾಗಿ ಪಕ್ಕದಲ್ಲೇ ವಾಹನ ಓಡುವ ಹೊಸ ಸೇತುವೆ, ಕೆಳಗೆ ನೀರು. ಸ್ಫೋಟದ ಒತ್ತಡ ಗಾಳಿಗಿಂತ ನೀರಿನಲ್ಲಿ ಬಹಳ ದೂರ ಸಾಗುತ್ತದೆ, ಹೊಸ ಕಂಬಗಳಿಗೂ ಮೀನಿಗೂ ಪೆಟ್ಟು. ಇಂಥಲ್ಲಿ ವಜ್ರದ ಮಣಿ ಪೋಣಿಸಿದ ತಂತಿಗರಗಸದಿಂದ ಕೊಯ್ದು, ತೂಕ ಲೆಕ್ಕ ಹಾಕಿ, ಬಾರ್ಜ್ ಮೇಲಿನ ಕ್ರೇನಿನಲ್ಲಿ ತುಂಡು ತುಂಡಾಗಿ ಎತ್ತುವುದು ವಾಡಿಕೆ.

ಪ್ರಶ್ನೆ: ದೋಣಿ ಶೆಡ್ಡಿನ ಹಳೆ ಸಿಮೆಂಟ್ ಶೀಟುಗಳನ್ನು ಜೆಸಿಬಿಯಿಂದಲೇ ಎಳೆಸಿದರೆ ಏನು?
— ಓದುಗರು, ಭಟ್ಕಳ

ಉತ್ತರ: ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಒಡೆದರೆ ಅದರ ಎಳೆ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ, ಕಾಯಿಲೆ ಕಾಣಿಸುವುದು ದಶಕಗಳ ಬಳಿಕ. ನೀರಿಗೆ ಸ್ವಲ್ಪ ಸಾಬೂನು ಬೆರೆಸಿ ಶೀಟು ನೆನೆಸಿ, ತುಕ್ಕು ಹಿಡಿದ ಜೆ-ಬೋಲ್ಟುಗಳನ್ನು ಕಟರಿನಲ್ಲಿ ಕತ್ತರಿಸಿ, ಶೀಟಿನ ಮೇಲೆ ಕಾಲಿಡದೆ ಹಲಗೆ ಹಾಸಿ, ಇಡಿಯಾಗಿಯೇ ಕೆಳಗಿಳಿಸಿ. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ, ಉಳಿದ ಒಡಕಿನ ಜತೆ ಸೇರಿಸದೆ ಬೇರೆ ಇಡಿ. ಮುಖಕ್ಕೆ ಬಟ್ಟೆ ಕಟ್ಟಿದರೆ ಪ್ರಯೋಜನವಿಲ್ಲ, ಫಿಲ್ಟರ್ ಇರುವ ಮಾಸ್ಕೇ ಬೇಕು. ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ.